ಬೀಗರ ದುಭಾಷಿ

ನಮ್ಮ ಆಫೀಸಿನಲ್ಲಿ ಎಲ್ಲರೂ ಅವರನ್ನು ಬೀಗರೇ ಎಂದು ಕರೆಯುತ್ತಿದ್ದೆವು. ಐವತ್ತೊಂದು ತುಂಬಿದರೂ ಮದುವೆಯ ಗೊಡವೆಗೆ ಹೋಗದ ಗಂಡಸಿಗೆ ಈ ಹೆಸರು ಕುಚೋದ್ಯವೇ ಸರಿ. ಹೊಸದಾಗಿ ಕೆಲಸಕ್ಕೆ ಸೇರಿದವರು "ಇವರು ಯಾರ ಕಡೆ ಬೀಗರು?" ಎಂದು ನನ್ನ ಕಿವಿಯಲ್ಲಿ ಕೇಳುತ್ತಿದ್ದರು. ಯಾರ ಕಡೆಯೂ ಅಲ್ಲ. ಪ್ರೋಗ್ರಾಮಿನೊಳಗೆ ಬೀಗ ಹಾಕುವುದು, ಬೀಗ ತೆಗೆಯುವುದು, ಬೀಗದಕೈ ಯಾರ ಬಳಿ ಉಳಿದುಹೋಯಿತೆಂದು ಹುಡುಕುವುದು, ಇದರಲ್ಲೇ ಅವರ ಹದಿನೆಂಟು ವರ್ಷ ಕಳೆದಿತ್ತು. ಅದಕ್ಕೇ ಆ ಹೆಸರು.

ನಾನು ಅಲ್ಲಿ ಟೆಸ್ಟಿಂಗ್ ಮಾಡುವವಳು. ಬೇರೆಯವರ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವ ಹೆಂಗಸು. ಮನೆಯಲ್ಲಿ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತೇನೆಂದು ನನ್ನ ಗಂಡ ನಾಲ್ಕು ಜನರ ಎದುರು ಹೇಳುವುದುಂಟು. ಇರಲಿ. ಹೇಳಬೇಕಾದದ್ದು ಬೀಗರ ಕಥೆ, ಮತ್ತು ಅದರಲ್ಲಿ ನನ್ನ ತಪ್ಪೂ ಇದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ನಾವು ಎಂಟು ಜನ. ನಾವು ಮಾಡುತ್ತಿದ್ದದ್ದು ಕಣ್ಣಿನಿಂದ ಮಾತಾಡುವವರ ಪ್ರೋಗ್ರಾಮು. ಕೈಕಾಲು, ನಾಲಿಗೆ ಎಲ್ಲ ಸೋತು ಕಣ್ಣುಗುಡ್ಡೆಯೊಂದೇ ಆಡುವ ರೋಗಿಗಳಿರುತ್ತಾರೆ. ಅವರ ಎದುರು ಕಂಪ್ಯೂಟರ್ ಪರದೆ, ಪರದೆಯ ಕೆಳಗೊಂದು ಸಣ್ಣ ಕ್ಯಾಮೆರಾ. ಯಾವ ಅಕ್ಷರದ ಮೇಲೆ ನೋಟ ಒಂದು ಕ್ಷಣ ನಿಂತಿತೋ ಆ ಅಕ್ಷರ ಆಯ್ಕೆಯಾಗುತ್ತದೆ, ಪದ ಮುಗಿದ ಕೂಡಲೇ ಕಂಪ್ಯೂಟರ್ ಅದನ್ನು ಗಟ್ಟಿಯಾಗಿ ಹೇಳುತ್ತದೆ. ಮತ್ತೆಮತ್ತೆ ಬೇಕಾಗುವ ನೀರು, ನೋವು, ಬೇಡ ಎಂಬಂಥ ಪದಗಳಿಗೆ ಪರದೆಯ ಅಂಚಿನಲ್ಲಿ ಒಂದೊಂದು ಚೌಕ. ಅದನ್ನೊಮ್ಮೆ ನೋಡಿದರೆ ಸಾಕು, ಇಡೀ ಪದ ಬರುತ್ತದೆ.

ಅದರ ಒಳಗೆ ಮೂವರು ಕೆಲಸಗಾರರಿದ್ದಾರೆ ಎಂದುಕೊಳ್ಳಿ. ನಾವು ಅವಕ್ಕೆ ಥ್ರೆಡ್ ಎನ್ನುತ್ತೇವೆ. ಒಬ್ಬ ಕಣ್ಣು ಕಾಯುತ್ತಾನೆ, ಒಬ್ಬ ಪರದೆ ನೋಡಿಕೊಳ್ಳುತ್ತಾನೆ, ಒಬ್ಬ ದನಿ ಕೊಡುತ್ತಾನೆ. ಮೂವರೂ ಒಟ್ಟೊಟ್ಟಿಗೇ ದುಡಿಯುವುದರಿಂದ ಮಾತು ತಡವರಿಸುವುದಿಲ್ಲ. ಇಷ್ಟರವರೆಗೆ ಎಲ್ಲ ಸುಖವಾಗಿತ್ತು. ತಾಪತ್ರಯ ಶುರುವಾದದ್ದು ಮನೆಮನೆಗೂ ಬೇರೆ ಬೇರೆ ಪದ ಬೇಕೆಂದಾಗ. ಒಬ್ಬರಿಗೆ ಫ್ಯಾನ್ ಹಾಕು, ಇನ್ನೊಬ್ಬರಿಗೆ ಮಗ್ಗುಲು ತಿರುಗಿಸು. ಒಂದು ಮನೆಯ ಅಜ್ಜಿಗಂತೂ ಅಳಿಯನನ್ನು ಬೈಯಲಿಕ್ಕೇ ಮೂರು ಪದ ಬೇಕಿದ್ದವು. ಪ್ರತಿಯೊಂದಕ್ಕೂ ಬೀಗರು ಪ್ರೋಗ್ರಾಮು ತಿದ್ದುತ್ತಾ ಕೂರಬೇಕು. ರೋಸಿಹೋಗಿ ಅವರು ಅದರೊಳಗೆ ಇನ್ನೊಂದು ಪುಟ್ಟ ಭಾಷೆಯನ್ನೇ ತಂದು ಕೂರಿಸಿದರು. ಮನೆಯವರು ಒಂದು ಕಡತದಲ್ಲಿ ನಾಲ್ಕು ಸಾಲು ಬರೆದರೆ ಹೊಸ ಪದ ಸಿದ್ಧ. ಆ ಸಾಲುಗಳನ್ನು ಓದಿ ಅರ್ಥಮಾಡಿಕೊಂಡು ನಡೆಸುವ ಇಂಟರ್‌ಪ್ರಿಟರಿಗೆ ನಾವು ದುಭಾಷಿ ಎಂದು ಹೆಸರಿಟ್ಟೆವು.

ದುಭಾಷಿ ಬುದ್ಧಿವಂತನೇ, ಆದರೆ ಒಂದು ಸಲಕ್ಕೆ ಒಬ್ಬರ ಮಾತಷ್ಟೇ ಕೇಳುತ್ತಾನೆ. ಮೂವರೂ ಒಟ್ಟಿಗೆ ಬಾಯಿ ಹಾಕಿದರೆ ತಲೆ ಕೆಟ್ಟು ಪ್ರೋಗ್ರಾಮನ್ನೇ ಕೆಡವಿ ಕೂರುತ್ತಾನೆ. ಅದಕ್ಕೇ ಅವನ ಕೋಣೆಗೆ ಒಂದೇ ಬೀಗದಕೈ. ಅವನ ಹತ್ತಿರ ಕೆಲಸವಿರುವವನು ಮೊದಲು ಅದನ್ನು ಹಿಡಿಯಬೇಕು, ಮಾತು ಮುಗಿದ ಮೇಲೆ ಬಿಡಬೇಕು. ಹಿಡಿದವನು ಬಿಡದೆ ನಿಂತನೋ, ಉಳಿದವರು ಬಾಗಿಲಲ್ಲೇ ಕಾಯುತ್ತಾರೆ. ಅವನು ಬಿಡಲಿ ಎಂದು ಇವನು, ಇವನು ಮುಗಿಸಲಿ ಎಂದು ಅವನು. ಯಾರೂ ಜಗಳವಾಡುವುದಿಲ್ಲ, ಯಾರೂ ಕದಲುವುದಿಲ್ಲ. ಹೊರಗಿನಿಂದ ನೋಡುವವರಿಗೆ ಪರದೆ ಹಾಗೇ ನಿಂತುಬಿಟ್ಟಿರುತ್ತದೆ, ಅಷ್ಟೆ.

ಮನೆಯವರಿಗೆ ಓದಿದರೆ ತಿಳಿಯಲಿ ಎಂದು ಬೀಗರು ಆ ಎರಡು ಅಪ್ಪಣೆಗಳಿಗೂ ಕನ್ನಡದಲ್ಲೇ ಹೆಸರಿಟ್ಟರು. ಒಂದು ಹಿಡಿ, ಇನ್ನೊಂದು ಬಿಡು. ಇಂಗ್ಲಿಷಿನಲ್ಲಿಟ್ಟರೆ ಸಾಕಿತ್ತಲ್ಲ ಎಂದು ನಾವೆಲ್ಲ ನಕ್ಕೆವು. "ಕನ್ನಡದಲ್ಲಿ ಮಾತಾಡೋರ ಪ್ರೋಗ್ರಾಮು, ಒಳಗೂ ಕನ್ನಡ ಇದ್ರೆ ನಿಮ್ಮ ಗಂಟೇನು ಹೋಗತ್ತೆ?" ಎಂದರು. ನಾನು ಪರೀಕ್ಷೆ ಮಾಡಿ ಸರಿಯಿದೆ ಎಂದು ಒಪ್ಪಿಗೆ ಕೊಟ್ಟೆ.

ಬೀಗರಿಗೆ ಇದರ ಹುಚ್ಚು ಹಿಡಿದದ್ದಕ್ಕೆ ಕಾರಣ ಅವರ ಅಕ್ಕ. ತಾಯಿ ತೀರಿಹೋದಾಗ ಬೀಗರಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಕ್ಕ ಟೈಪಿಂಗ್ ತರಗತಿ ನಡೆಸಿ ತಮ್ಮನನ್ನು ಸಾಕಿದರು. ಬೀದಿಯ ಕಡೆಯ ಕೋಣೆಯಲ್ಲಿ ಆರು ಟೈಪ್‌ರೈಟರು, ಬೆಳಗಿನಿಂದ ಸಂಜೆಯವರೆಗೆ ಟಕಟಕ. ತಮ್ಮ ಮೂಲೆಯಲ್ಲಿ ಕೂತು ಹೋಮ್‌ವರ್ಕ್ ಮಾಡುತ್ತಿದ್ದ. ಅಕ್ಕ ಬಲು ಬಿಗಿ. ಟೈಪು ಮಾಡುವಾಗ ಒಂದು ಒತ್ತಕ್ಷರ ತಪ್ಪಿದರೂ ಹಾಳೆ ಎಳೆದು ಹರಿದುಹಾಕಿ ಮೊದಲಿಂದ ಹೊಡೆಸುತ್ತಿದ್ದರಂತೆ. ತಮ್ಮನಿಗೊಂದು ಓದು, ಒಂದು ನೌಕರಿ ಆಗುವ ತನಕ ತಾನು ಮದುವೆಯಾಗುವುದಿಲ್ಲ ಎಂದು ಕೂತರು. ಮೂವತ್ತಾರಕ್ಕೆ ಕೈಹಿಡಿದದ್ದು ಪಕ್ಕದ ರಸ್ತೆಯಲ್ಲಿ ಪುಸ್ತಕಗಳಿಗೆ ರಟ್ಟು ಹಾಕುತ್ತಿದ್ದ ಬೈಂಡರನ್ನು. ಬೀಗರು ಅವರನ್ನು ಭಾವ ಎನ್ನುತ್ತಿದ್ದರು, ಕೇಳಿ ಕೇಳಿ ನಮಗೂ ಅವರು ಭಾವನೇ ಆದರು.

ಐವತ್ತೊಂಬತ್ತಕ್ಕೆ ಅಕ್ಕನ ಬೆರಳು ಸೋತವು, ಆಮೇಲೆ ತೋಳು, ಕಾಲು, ಕೊನೆಗೆ ನಾಲಿಗೆ. ನರದ ಕಾಯಿಲೆ, ಔಷಧಿಯಿಲ್ಲ ಎಂದರು. ಮೂರು ವರ್ಷದಲ್ಲಿ ಉಳಿದದ್ದು ಕಣ್ಣು. ನಮ್ಮ ಪ್ರೋಗ್ರಾಮು ಮೊದಲು ಹೋದದ್ದು ಆ ಮನೆಗೇ. ಆಗ ಅಕ್ಕ ನಮಗೊಂದು ಹೊಸ ಪಾಠ ಕಲಿಸಿದರು. ಒತ್ತಕ್ಷರಕ್ಕೆ ಮೂರು ಸಲ ಕಣ್ಣು ತಿರುಗಿಸಬೇಕು, ಬರಿ ಅಕ್ಷರಕ್ಕೆ ಒಂದೇ ಸಲ. ಹಾಗಾಗಿ ಒತ್ತು ತಪ್ಪಿದ್ದಕ್ಕೆ ಹಾಳೆ ಹರಿಯುತ್ತಿದ್ದ ಮೇಡಂ ಒತ್ತುಗಳನ್ನೆಲ್ಲ ಗುಡಿಸಿ ಹಾಕಿದರು. ನಿದ್ದೆ ನಿದೆಯಾಯಿತು, ಡಾಕ್ಟರು ಡಾಕಟರಾದರು. ಪುಟ್ಟ ಎಂದು ಕರೆಯುತ್ತಿದ್ದ ತಮ್ಮ ಪುಟ ಆದ.

"ಪುಟ ಅಂದ್ರೆ ನನ್ನ ಕಡೆಯೋನು. ಇನ್ಮೇಲೆ ನಾನೇ ಹೊಲಿದು ರಟ್ಟು ಹಾಕ್ತೀನಿ ಇವನಿಗೆ," ಎಂದು ಭಾವ ನಕ್ಕಿದ್ದರು. ಅಕ್ಕನ ಕಣ್ಣೂ ನಕ್ಕಿತ್ತು. ಆ ದಿನ ನಾನೂ ಅಲ್ಲಿದ್ದೆ.

ಈ ನಗು ಹೆಚ್ಚು ದಿನ ಉಳಿಯಲಿಲ್ಲ. ಉಸಿರು ಸೋಲತೊಡಗಿತು. ಗಂಟಲಿಗೆ ತೂತು ಮಾಡಿ ನಳಿಕೆ ಇಟ್ಟು ಉಸಿರಾಟದ ಯಂತ್ರಕ್ಕೆ ಜೋಡಿಸಿದರೆ ಇನ್ನೂ ಕೆಲವು ವರ್ಷ ಬದುಕಬಹುದು, ಇಲ್ಲದಿದ್ದರೆ ಕೆಲವು ವಾರ. ಆದರೆ ಹೀಗೇ ಹೋದರೆ ಕಣ್ಣುಗುಡ್ಡೆಯೂ ಒಂದು ದಿನ ನಿಲ್ಲುತ್ತದೆ. ಆಗ ಯಂತ್ರ ಉಸಿರಾಡುತ್ತಿರುತ್ತದೆ, ಒಳಗಿರುವ ಅಕ್ಕ ಏನನ್ನೂ ಹೇಳಲಾರರು. ಬೀಗರಿಗೆ ನಳಿಕೆ ಬೇಕೇಬೇಕು. ಭಾವ "ಅವಳು ಹೇಳಿದ ಹಾಗೆ" ಎನ್ನುತ್ತಿದ್ದರು.

ಅದೇ ಹೊತ್ತಿಗೆ ಪ್ರೋಗ್ರಾಮು ಆ ಮನೆಯಲ್ಲಿ ನಿಲ್ಲತೊಡಗಿತು. ಪ್ರತಿ ಸಂಜೆ ಬೀಗರು ಹಾಸಿಗೆಯ ಪಕ್ಕದಲ್ಲಿ ಕೂತು "ಅಕ್ಕಾ, ಹೂಂ ಅನ್ನು, ಸಾಕು" ಎಂದು ಗೋಗರೆಯುತ್ತಿದ್ದರು. ಅಕ್ಕ ಏನೋ ನೋಡುತ್ತಿದ್ದರು, ಅಷ್ಟಕ್ಕೇ ಎಲ್ಲ ಸ್ತಬ್ಧ. ಬೀಗರು ದಡಕ್ಕನೆ ಎದ್ದು ಪರದೆಯ ಹಿಂದಕ್ಕೆ ಹೋಗಿ ಯಂತ್ರ ಆರಿಸಿ ಮತ್ತೆ ಹಚ್ಚುತ್ತಿದ್ದರು. ಕ್ಯಾಮೆರಾಗೆ ಅಕ್ಕನ ಕಣ್ಣನ್ನು ಮತ್ತೆ ಪರಿಚಯಿಸಲು ಹತ್ತು ನಿಮಿಷ ಬೇಕು, ಅಷ್ಟರಲ್ಲಿ ಅಕ್ಕನ ಕಣ್ಣು ಸೋತು ನೀರು ಸುರಿಯುತ್ತಿತ್ತು. ಒಂದು ಸಲ ಅಕ್ಕ ಕಷ್ಟಪಟ್ಟು ಅಕ್ಷರ ಕೂಡಿಸಿ "ಮೂಲೆ" ಎಂದರು. ಪರದೆಯ ಮೂಲೆ ಕ್ಯಾಮೆರಾಗೆ ಸರಿಯಾಗಿ ಸಿಗುತ್ತಿಲ್ಲ ಎಂದು ತಿಳಿದು ಬೀಗರು ಕ್ಯಾಮೆರಾವನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದರು.

ಒಂದು ಗುರುವಾರ ಮಧ್ಯಾಹ್ನ ಡಾಕ್ಟರಮ್ಮ ಮನೆಗೆ ಬಂದು ಅಕ್ಕನನ್ನೇ ಕೇಳಿದರು. ಅಕ್ಕ ನೋಡಿದರು. ಪರದೆ ನಿಂತಿತು. ಮೂರು ಸಲ ಹಚ್ಚಿದರೂ ಕಣ್ಣು ಪರಿಚಯವಾಗಲಿಲ್ಲ. ರೆಪ್ಪೆ ಬಡಿದು ಹೇಳಲಿ ಎಂದರೆ ರೆಪ್ಪೆ ಅಕ್ಕನ ಸ್ವಾಧೀನದಲ್ಲಿರಲಿಲ್ಲ. ಬಡಿದ ರೆಪ್ಪೆಯನ್ನು ಬೀಗರು ಹೂಂ ಎಂದು ಓದಿದರು, ಭಾವ ಊಹೂಂ ಎಂದು ಓದಿದರು.

"ನೀವಿಬ್ರೂ ಒಂದೊಂದು ಹೇಳ್ತಿದೀರಿ," ಎಂದರು ಡಾಕ್ಟರಮ್ಮ. "ಇದು ಅವರೇ ಹೇಳ್ಬೇಕು. ಮುಂದಿನ ಗುರುವಾರ ನಾಲ್ಕು ಗಂಟೆಗೆ ಬರ್ತೀನಿ. ಅವತ್ತೂ ಸ್ಪಷ್ಟವಾಗಿ ಗೊತ್ತಾಗ್ಲಿಲ್ಲ ಅಂದ್ರೆ ನಾನು ನಳಿಕೆ ಹಾಕಿಸ್ಲೇಬೇಕಾಗತ್ತೆ. ಗೊತ್ತಿಲ್ದೆ ಸಾಯೋಕೆ ಬಿಡಕ್ಕಾಗಲ್ಲ."

ಮರುದಿನ ಬೀಗರು ಆಫೀಸಿಗೆ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅಂಗಿಯ ಗುಂಡಿ ಮೇಲೆ ಕೆಳಗೆ ಆಗಿತ್ತು. "ಮೇಡಂ, ನಿಮ್ಮ ಕಾಲಿಗೆ ಬೀಳ್ತೀನಿ, ಇಲ್ಲಿ ಒಂದ್ಸಲ ನಿಲ್ಲಿಸಿ ತೋರ್ಸಿ. ಒಂದೇ ಸಲ." ನಾನು ಶುಕ್ರವಾರ, ಶನಿವಾರ, ಸೋಮವಾರ ಮೂರೂ ದಿನ ಪ್ರೋಗ್ರಾಮನ್ನು ಹಿಂಡಿ ಹಿಪ್ಪೆ ಮಾಡಿದೆ. ನೂರು ಪದ ಒಟ್ಟಿಗೆ ಕೊಟ್ಟೆ, ಮಾತಿನ ನಡುವೆ ಪರದೆ ಬದಲಿಸಿದೆ, ಕ್ಯಾಮೆರಾ ಕಿತ್ತು ಹಾಕಿದೆ. ಜಪ್ಪಯ್ಯ ಅಂದರೂ ನಿಲ್ಲಲಿಲ್ಲ. ಬೀಗರು ಆ ಮೂರು ದಿನದಲ್ಲಿ ಬೀಗಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಬೀಗದಕೈ ಹಿಡಿದುಕೊಂಡೇ ಕಾಯುವ ಎರಡು ಕಡೆ ಸಿಕ್ಕವು, ಸರಿಪಡಿಸಿ ಓಡಿಹೋಗಿ ಅಕ್ಕನ ಯಂತ್ರಕ್ಕೆ ಹಾಕಿ ಬಂದರು. ಅಂದೂ ಅಲ್ಲಿ ನಿಂತಿತು.

"ಮನೆಯ ಪದಗಳ ಕಡತ ಕೊಡಿ, ಅದನ್ನಿಟ್ಟು ನೋಡ್ತೀನಿ," ಎಂದೆ.

"ಅದನ್ನ ಯಾವ ಮನೆಯಿಂದ್ಲೂ ತರಲ್ಲ. ಅವರವರ ಮಾತು ಅವರವರ ಮನೇಲಿರ್ಲಿ."

ಇದು ಅವರದೇ ನಿಯಮ. ಒಳ್ಳೆಯ ನಿಯಮವೇ. ಆದರೆ ಅದಕ್ಕೆ ನಾನು ಹದಿನೆಂಟು ತಿಂಗಳು ತಲೆಯಾಡಿಸಿಕೊಂಡು ಬಂದದ್ದು ನನ್ನ ತಪ್ಪು. ಮಾತು ಮನೆಯದ್ದಾದರೆ ಮನೆಗೇ ಹೋಗಿ ಪರೀಕ್ಷೆ ಮಾಡಬೇಕಿತ್ತು.

ಮಂಗಳವಾರ ಬೀಗರ ಜೊತೆ ಹೋದೆ. ಬೆಳಗ್ಗೆ ಹನ್ನೊಂದೂವರೆ. ಹಾಸಿಗೆ, ಪಕ್ಕದಲ್ಲಿ ಕಫ ಎಳೆಯುವ ಯಂತ್ರ, ಕಿಟಕಿಯ ಹತ್ತಿರ ಭಾವನ ಹೊಲಿಗೆಯ ಚೌಕಟ್ಟು ಮತ್ತು ಅರ್ಧ ಹೊಲಿದ ಹಾಜರಿ ಪುಸ್ತಕಗಳು. ಹೆಂಡತಿಯ ಹತ್ತಿರವೇ ಇರಬೇಕೆಂದು ಭಾವ ಕೆಲಸವನ್ನು ಮನೆಗೇ ತಂದಿದ್ದರು. ಪರದೆಯ ಮುಖ ಅಕ್ಕನ ಕಡೆಗೆ, ಬೆನ್ನು ಕೋಣೆಯ ಕಡೆಗೆ. ಕೋಣೆಯಲ್ಲಿ ಯಾರು ಕೂತರೂ ಕೇಳುವುದು ದನಿ ಮಾತ್ರ, ಅಕ್ಕ ಏನನ್ನು ನೋಡುತ್ತಿದ್ದಾರೆಂದು ಕಾಣುವುದಿಲ್ಲ. ನಾನು ಸ್ಟೂಲು ಎಳೆದುಕೊಂಡು ಅಕ್ಕನ ತಲೆದಿಂಬಿನ ಹಿಂದೆ ಕೂತೆ.

ಬೀಗರು ಎಂದಿನಂತೆ ಶುರುಮಾಡಿದರು. "ಅಕ್ಕಾ, ಇನ್ನೆರಡು ದಿನ ಇದೆ. ನಾನೆಲ್ಲ ನೋಡ್ಕೋತೀನಿ. ಕೆಲಸ ಬಿಟ್ಟು ಮನೇಲೇ ಇರ್ತೀನಿ. ನಳಿಕೆ ಹಾಕಿಸ್ಕೋ."

ಅಕ್ಕನ ನೋಟ ಮೆಲ್ಲಗೆ ಪರದೆಯ ಬಲಗಡೆಗೆ, ಕೆಳಗೆ, ಕೊನೆಯ ಚೌಕಕ್ಕೆ ಹೋಗಿ ನಿಂತಿತು. ಪರದೆ ಹೆಪ್ಪುಗಟ್ಟಿತು. ಆ ಚೌಕ ಬೆಳಗಲೂ ಇಲ್ಲ. ಬೀಗರು ಆಗಲೇ ಎದ್ದು ಪರದೆಯ ಹಿಂದೆ ತಂತಿಗಳಲ್ಲಿ ಕೈಹಾಕಿದ್ದರು.

"ಬೀಗರೇ, ಒಂದ್ನಿಮಿಷ. ಈ ಮೂಲೆ ಚೌಕ ಯಾರು ಹಾಕಿದ್ದು? ನಮ್ಮ ಪಟ್ಟಿಯಲ್ಲಿಲ್ಲ ಇದು."

ಭಾವ ಸೂಜಿ ಕೆಳಗಿಟ್ಟರು. "ನಾನೇ. ಇವನು ಹೇಳ್ಕೊಟ್ಟಿದ್ನಲ್ಲ, ಹಾಗೇ ಬರ್ದೆ. ಅವಳೇ ಅಕ್ಷರ ಕೂಡ್ಸಿ, ಬಿಡು ಹಾಕು ಅಂದ್ಲು. ಮೂರು ವಾರ ಆಯ್ತು. ಹಾಕಿಸ್ಕೊಂಡ್ಳು ಅಷ್ಟೆ, ಒಂದ್ಸಲನೂ ಹೇಳ್ಲೇ ಇಲ್ಲ."

ಬೀಗರು ಕಡತ ತೆರೆದರು. ಕೊನೆಯಲ್ಲಿ ಭಾವನ ನಾಲ್ಕು ಸಾಲು, ಒಂದು ಚುಕ್ಕೆಯೂ ತಪ್ಪಿಲ್ಲ. ಪದದ ಹೆಸರು ಬಿಡು. ಹೇಳಬೇಕಾದ ಮಾತು ಬಿಡು. ಅದನ್ನು ಓದಿದವರೇ ಬೀಗರು ನೆಲದ ಮೇಲೆ ಕೂತುಬಿಟ್ಟರು.

ನನಗೂ ಹೊಳೆಯಲು ತಡವಾಗಲಿಲ್ಲ. ದುಭಾಷಿಗೆ ಒಂದು ಹೆಸರಿಗೆ ಒಂದೇ ಅರ್ಥ, ಕೊನೆಗೆ ಯಾರು ಹೇಳಿಕೊಟ್ಟರೋ ಅದೇ ಸತ್ಯ. ಪದವನ್ನು ಆಯ್ದ ಗಳಿಗೆಯಲ್ಲೇ ಅವನು ಅದರ ಸಾಲುಗಳನ್ನು ಕಲಿಯುವುದು. ಅಕ್ಕ ಆ ಚೌಕ ನೋಡಿದಾಗ, ಬಿಡು ಎಂದರೆ ಗಟ್ಟಿಯಾಗಿ ಹೇಳಬೇಕಾದ ಒಂದು ಮಾತು ಎಂದು ಕಲಿತ. ಮರುಕ್ಷಣ ಒಳಗಿನ ಕೆಲಸಗಾರ ಬೀಗದಕೈ ಕೆಳಗಿಡಲೆಂದು ಅದೇ ಹೆಸರು ಕೂಗಿದ. ದುಭಾಷಿ ಬೀಗದಕೈ ಬಿಡಿಸಲಿಲ್ಲ, ಮಾತು ಹೇಳಹೊರಟ. ಹೇಳಲು ದನಿಯ ಕೆಲಸಗಾರ ಒಳಗೆ ಬರಬೇಕು, ಬರಲು ಬೀಗದಕೈ ಬೇಕು, ಅದನ್ನು ಯಾರೂ ಬಿಟ್ಟಿಲ್ಲ. ಯಂತ್ರ ಆರಿಸಿ ಹಚ್ಚಿದರೆ ಕಲಿತದ್ದೆಲ್ಲ ಮರೆತು ಮತ್ತೆ ಸರಿಹೋಗುತ್ತದೆ, ಅಕ್ಕ ಮತ್ತೊಮ್ಮೆ ಅದನ್ನೇ ಹೇಳುವ ತನಕ. ಕನ್ನಡದಲ್ಲಿ ಹೆಸರಿಡುವ ಹಟವಿಲ್ಲದಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಯಂತ್ರ ನಿಂತದ್ದರ ದಾಖಲೆ ಇರುತ್ತದೆ. ಮೂರು ವಾರದಲ್ಲಿ ಇಪ್ಪತ್ತಮೂರು ಸಲ. ಇಪ್ಪತ್ತಮೂರು ಸಲವೂ ಅಕ್ಕ ತಮ್ಮನಿಗೆ ಬಿಡು ಎಂದಿದ್ದರು. ಇಪ್ಪತ್ತಮೂರು ಸಲವೂ ತಮ್ಮ ಅವರಿಗೆ ಬೆನ್ನು ಹಾಕಿ ಯಂತ್ರದ ಹಿಂದೆ ಹೋಗಿದ್ದ.

"ಬೇಡ ಅಂತ ಚೌಕ ಇದೆಯಲ್ಲ, ಅದನ್ನ ನೋಡ್ಬಹುದಿತ್ತು," ಎಂದರು ಬೀಗರು, ಯಾರನ್ನು ಕೇಳುತ್ತಿದ್ದಾರೋ ಗೊತ್ತಾಗದ ಹಾಗೆ. "ಬಿಡು ಅಂದ್ರೆ ಆ ಮಾತು ಬಿಡು ಅಂತಾನೂ ಆಗತ್ತೆ. ಸಾಕು ಮಾಡು ಅಂತಾನೂ ಆಗತ್ತೆ."

"ನಿನ್ ಮುಖ ನೋಡ್ಕೊಂಡು ಬೇಡ ಅನ್ನೋಕೆ ಅವಳಿಗೆ ಬಾಯಿ ಬರಲ್ಲ ಕಣಪ್ಪಾ," ಎಂದರು ಭಾವ. "ಬಿಡು ಅನ್ನೋದು ಮೆತ್ತಗಿನ ಮಾತು. ಅದಕ್ಕೇ ಅದನ್ನ ಹಾಕಿಸ್ಕೊಂಡಿದಾಳೆ."

ಅಕ್ಕನ ಕಣ್ಣು ಮುಚ್ಚಿಕೊಂಡಿತ್ತು. ಕಣ್ಣಿನ ಅಂಚಿನಿಂದ ನೀರು ಕಿವಿಯವರೆಗೆ ಇಳಿದಿತ್ತು. ಅದು ಅಳುವೋ ಆಯಾಸವೋ ನನಗೆ ತಿಳಿಯಲಿಲ್ಲ, ನಾನು ಬಟ್ಟೆಯಿಂದ ಒರೆಸಿದೆ. ಅಂದು ಮತ್ತೆ ಯಂತ್ರ ಹಚ್ಚಲಿಲ್ಲ. ಕಣ್ಣು ಕೆಂಡದ ಹಾಗೆ ಕೆಂಪಾಗಿದೆ, ಗುರುವಾರದವರೆಗೆ ವಿಶ್ರಾಂತಿ ಕೊಡಿ ಎಂದು ದಿನಾ ಬಂದುಹೋಗುವ ನರ್ಸು ಹೇಳಿ ಹೋದರು.

ಬುಧವಾರ ಊಟದ ಹೊತ್ತಿಗೆ ಬೀಗರನ್ನು ಮೆಟ್ಟಿಲ ಮೇಲೆ ಹಿಡಿದೆ. ಡಬ್ಬಿ ತೆರೆಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದರು.

"ಸರಿ ಮಾಡಿದ್ರಾ?"

"ಒಂದೇ ಸಾಲು ಮೇಡಂ. ಹೆಸರು ಬದಲಾಯಿಸಿದ್ರೆ ಆಯ್ತು."

"ಮಾಡಿದ್ರಾ ಅಂತ ಕೇಳಿದ್ದು ನಾನು."

ಅವರು ಡಬ್ಬಿಯ ಮುಚ್ಚಳವನ್ನೇ ಉಜ್ಜುತ್ತಾ ಕೂತರು. ಆಮೇಲೆ ನನ್ನ ಕಡೆ ನೋಡದೆ ಹೇಳಿದರು. "ನಾಳೆ ಒಂದು ದಿನ ಹೀಗೇ ಇರ್ಲಿ. ಸ್ಪಷ್ಟವಾಗಿ ಗೊತ್ತಾಗ್ಲಿಲ್ಲ ಅಂದ್ರೆ ನಳಿಕೆ ಹಾಕಿಸ್ತೀನಿ ಅಂದಿದಾರಲ್ಲ ಡಾಕ್ಟರು. ನಾನೇನೂ ಮಾಡ್ಬೇಕಾಗಿಲ್ಲ. ಸುಳ್ಳು ಹೇಳ್ಬೇಕಾಗಿಲ್ಲ. ಸುಮ್ನಿದ್ರೆ ಸಾಕು, ಅಕ್ಕ ಉಳೀತಾಳೆ. ನಾಡಿದ್ದು ಸರಿ ಮಾಡ್ತೀನಿ. ಆಣೆ ಮೇಡಂ, ನಾಡಿದ್ದೇ ಮಾಡ್ತೀನಿ."

ನನ್ನ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷ ತಪ್ಪು ಹುಡುಕಿದ್ದೇನೆ, ಯಾರೂ ಬೇಕೆಂದು ಮಾಡಿದ್ದನ್ನು ನೋಡಿರಲಿಲ್ಲ. "ಇಷ್ಟು ದಿನ ಅದು ತಪ್ಪಾಗಿತ್ತು," ಎಂದೆ. "ಗೊತ್ತಾದ ಮೇಲೂ ಹಾಗೇ ಇಟ್ರೆ, ನೀವು ಕೈಯಾರೆ ನಿಮ್ಮಕ್ಕನ ಬಾಯಿಗೆ ಬಟ್ಟೆ ತುರುಕ್ತಿದೀರಿ ಅಂತ ಅರ್ಥ. ನಾನೇ ಭಾವಂಗೆ ಫೋನ್ ಮಾಡಿ ಹೇಳ್ತೀನಿ."

"ಹೇಳಿ. ಹೋಗೋದು ನಿಮ್ಮಕ್ಕ ಅಲ್ವಲ್ಲ!" ಎಂದು ಕೂಗಿದರು. ಹದಿನೆಂಟು ವರ್ಷದಲ್ಲಿ ಅವರು ದನಿ ಎತ್ತಿದ್ದು ಅದೊಂದೇ ಸಲ. ಕೂಗಿದವರು ಅಲ್ಲೇ ಮುಖ ಮುಚ್ಚಿಕೊಂಡು ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. "ನಂಗೆ ಬೇರೆ ಯಾರಿದಾರೆ ಮೇಡಂ? ನೀವೇ ಹೇಳಿ, ಯಾರಿದಾರೆ?" ಕನ್ನಡಕ ಕೊಳ್ಳಲು ಬಂದವರು ಕೆಳಗಿನಿಂದ ತಲೆಯೆತ್ತಿ ನೋಡಿದರು.

ಒಂದು ಮಾತು ಮುಚ್ಚಿಡದೆ ಹೇಳುತ್ತೇನೆ. ಭಾವನಿಗೆ ನಾನೂ ಫೋನ್ ಮಾಡಲಿಲ್ಲ. ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಬೀಗರು ಅತ್ತದ್ದು ಕಣ್ಣ ಮುಂದೆ ಬಂದು, ನಾಳೆ ಯಂತ್ರ ನಿಂತರೆ ನಿಲ್ಲಲಿ ಎಂದು ನನಗೂ ಒಂದು ಗಳಿಗೆ ಅನ್ನಿಸಿತ್ತು.

ಗುರುವಾರ ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಹೋದೆ. ಡಾಕ್ಟರಮ್ಮ ಬಂದಿದ್ದರು. ಯಂತ್ರ ಆಗಲೇ ಹಚ್ಚಿತ್ತು, ಅಕ್ಕನ ಕಣ್ಣು ಪರಿಚಯವಾಗಿತ್ತು. ಬೀಗರು ಹಾಸಿಗೆಯ ಕಾಲ ಬಳಿ ಕುರ್ಚಿಯಲ್ಲಿ ಕೂತಿದ್ದರು, ಕೈಗಳನ್ನು ತೊಡೆಯ ನಡುವೆ ಹಿಚುಕಿಕೊಂಡು. ಸರಿ ಮಾಡಿದ್ದಾರೋ ಇಲ್ಲವೋ ಎಂದು ಮುಖದಲ್ಲಿ ಓದಲು ನೋಡಿದೆ, ಆಗಲಿಲ್ಲ. ನಾನು ತಲೆದಿಂಬಿನ ಹಿಂದೆ ಹೋಗಿ ನಿಂತೆ.

ಡಾಕ್ಟರಮ್ಮ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ನಳಿಕೆ ಎಂದರೇನು, ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ, ಉಸಿರು ಕಟ್ಟಿ ಒದ್ದಾಡದ ಹಾಗೆ ಔಷಧಿ ಕೊಡಬಹುದು. "ಈಗ ನೀವು ಹೇಳಿ, ಅಮ್ಮಾ. ಅವಸರ ಇಲ್ಲ."

ಅಕ್ಕನ ನೋಟ ಬಲಕ್ಕೆ ಹೋಯಿತು. ಕೆಳಗೆ ಹೋಯಿತು. ಮೂಲೆಯಲ್ಲಿ ನಿಂತಿತು. ಒಂದು, ಎರಡು. ಕಫದ ಯಂತ್ರದ ಗುಂಯ್ ಎನ್ನುವ ಸದ್ದೊಂದೇ ಕೇಳುತ್ತಿತ್ತು. ಚೌಕ ಬೆಳಗಿತು.

"ಬಿಡು," ಎಂದಿತು ಕಂಪ್ಯೂಟರು.

ಬೀಗರು ಸರಿ ಮಾಡಿದ್ದರು. ಯಾವಾಗ ಮಾಡಿದರೋ, ಎಷ್ಟು ಸಂಕಟಪಟ್ಟು ಆ ಒಂದು ಸಾ‌ಲು ತಿದ್ದಿದರೋ ನನಗೆ ಗೊತ್ತಿಲ್ಲ. ಈಗಲೂ ಕೇಳಿಲ್ಲ.

"ಏನನ್ನ ಬಿಡ್ಬೇಕು ಅಂತ ನಾನು ತಿಳ್ಕೊಳ್ಲಿ?" ಎಂದರು ಡಾಕ್ಟರಮ್ಮ. "ಕ್ಷಮಿಸಿ, ನಂಗೆ ಖಚಿತ ಆಗ್ಬೇಕು. ನಳಿಕೆ ಬೇಕೋ ಬೇಡವೋ?"

ಅಕ್ಕ ತಮ್ಮನ ಕಡೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಕ್ಯಾಮೆರಾ ಕಣ್ಣು ಸಿಗುತ್ತಿಲ್ಲವೆಂದು ಎರಡು ಸಲ ಎಚ್ಚರಿಸಿತು. ಆಮೇಲೆ ಪರದೆಗೆ ಮರಳಿ ಅಕ್ಷರ ಕೂಡಿಸಿದರು. ನ. ಳ. ಗುಡಿಸು. ಕ. ಎತ್ವ. ಕಂಪ್ಯೂಟರು "ನಳಿಕೆ" ಎಂದಿತು. ನೋಟ ಎಡ ಅಂಚಿಗೆ ಹೋಗಿ, ಇಷ್ಟು ದಿನ ತಮ್ಮನೆದುರು ನೋಡದೆ ಬಿಟ್ಟಿದ್ದ ಚೌಕದ ಮೇಲೆ ನಿಂತಿತು.

"ಬೇಡ."

ಭಾವ ಗೋಡೆಯ ಕಡೆ ತಿರುಗಿದರು. ಬೀಗರ ಕುರ್ಚಿ ಕಿರ್ರೆಂದಿತು. ಅವರು ಎದ್ದು, ಏನೂ ಕೆಟ್ಟಿಲ್ಲದ ಯಂತ್ರದ ಹಿಂದಕ್ಕೆ ನಡೆದೇಬಿಟ್ಟರು. ತಂತಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಮಾಡಲಿಕ್ಕೆ ಅಲ್ಲಿ ಏನೂ ಇರಲಿಲ್ಲ.

ಅಕ್ಕ ಮತ್ತೆ ಅಕ್ಷರ ಕೂಡಿಸತೊಡಗಿದರು. ಕಣ್ಣಿಂದ ನೀರು ಸುರಿಯುತ್ತಿತ್ತು, ಎರಡು ಅಕ್ಷರ ತಪ್ಪಿ ಅಳಿಸಿ ಮತ್ತೆ ತೆಗೆದುಕೊಂಡರು. ಡಾಕ್ಟರಮ್ಮ ಕಾದರು, ನಾವೆಲ್ಲ ಕಾದೆವು. ನಾಲ್ಕು ನಿಮಿಷವಾದರೂ ಆಗಿರಬೇಕು.

"ಪುಟ," ಎಂದಿತು ದನಿ. ಬೀಗರು ತಂತಿ ಹಿಡಿದುಕೊಂಡೇ ತಲೆಯೆತ್ತಿದರು. "ಅಲಿ ಬೇಡ. ಇಲಿ ಕೂತಿರು."

ಬೀಗರು ಬಂದು ಕೂತರು. ಕುರ್ಚಿಯಲ್ಲಲ್ಲ, ಹಾಸಿಗೆಯ ಅಂಚಿನಲ್ಲಿ, ಅಕ್ಕನ ಮುಖದ ಎದುರಿಗೆ. ಡಾಕ್ಟರಮ್ಮ ಬರೆಯುವುದನ್ನು ಬರೆದುಕೊಂಡು ಹೋದರು, ಭಾವ ಅವರನ್ನು ಬಾಗಿಲವರೆಗೆ ಕಳಿಸಿ ಬಂದರು, ನಾನು ಚಪ್ಪಲಿ ಮೆಟ್ಟಿಕೊಂಡೆ. ಬೀಗರು ಏಳಲಿಲ್ಲ.

ಆಮೇಲೆ ಹತ್ತೊಂಬತ್ತು ದಿನ ಅವರು ಆಫೀಸಿಗೆ ಬರಲಿಲ್ಲ. ಇಪ್ಪತ್ತನೆಯ ದಿನ ಬಂದರು. ಉಳಿದ ಏಳೂ ಜನ ಎದ್ದು ನಿಂತೆವು. ಅವರು ನೇರ ನನ್ನ ಮೇಜಿನ ಹತ್ತಿರ ಬಂದರು.

"ಕೊನೇವರೆಗೂ ಒಂದ್ಸಲನೂ ನಿಲ್ಲಲಿಲ್ಲ, ಮೇಡಂ," ಎಂದರು. "ಎಲ್ಲಾ ಹೇಳಿದ್ಲು."